ಅಮೆರಿಕ ದಿವಾಳಿಯಾಗುತ್ತದೆಯೇ? 401ಕೆ ಮುರಿದು ಊರಿನಲ್ಲಿ ಸೈಟು ಕೊಳ್ಳಲೇ?

ಪ್ರಶ್ನೆ: ನನಗೆ 46 ವರ್ಷ. ಹತ್ತೊಂಬತ್ತು ವರ್ಷಗಳಿಂದ ಅಮೆರಿಕದಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಮೇರಿಲ್ಯಾಂಡ್‌ನಲ್ಲಿ ಫೆಡರಲ್ ಸರ್ಕಾರದ ಇಲಾಖೆಯೊಂದಕ್ಕೆ ಸಾಫ್ಟ್‌ವೇರ್ ನಿರ್ವಹಣೆ ಮಾಡುವ ಗುತ್ತಿಗೆ ಕಂಪನಿಯಲ್ಲಿ ಕೆಲಸ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಮುಚ್ಚಿದಾಗ ನನ್ನನ್ನು ಸಂಬಳವಿಲ್ಲದ ರಜೆಯ ಮೇಲೆ ಕಳುಹಿಸಿದರು. ಪಕ್ಕದ ಮನೆಯ ಸರ್ಕಾರಿ ನೌಕರರಿಗೆ ಆಮೇಲೆ ಹಿಂಬಾಕಿ ಬಂತು. ನನಗೆ ಒಂದು ಡಾಲರೂ ಬರಲಿಲ್ಲ. ಹಾಸನದಲ್ಲಿರುವ ಅಮ್ಮನಿಗೆ ಎರಡು ತಿಂಗಳು ಹಣ ಕಳುಹಿಸಲಾಗಲಿಲ್ಲ. ಬ್ಯಾಂಕಿನಲ್ಲಿ ಏನೋ ತೊಂದರೆ ಎಂದು ಸುಳ್ಳು ಹೇಳಿದೆ. ಹಳೆಯ ಕಂಪನಿಯ 401ಕೆ ಎಂಬ ನಿವೃತ್ತಿ ಉಳಿತಾಯ ಖಾತೆಯಲ್ಲಿ 1.8 ಲಕ್ಷ ಡಾಲರ್ ಇದೆ. ಮನೆಯ ಸಾಲ 2021ರದ್ದು, ಶೇ 2.9 ಸ್ಥಿರ ಬಡ್ಡಿ. ಮಗಳು ಮುಂದಿನ ವರ್ಷ ಕಾಲೇಜಿಗೆ ಸೇರುತ್ತಾಳೆ. ‘ಈ ದೇಶ ದಿವಾಳಿಯಾಗುತ್ತಿದೆ, ಡಾಲರ್ ಬರೀ ಕಾಗದವಾಗುತ್ತದೆ, ಎಲ್ಲವನ್ನೂ ತೆಗೆದು ಮೈಸೂರಿನಲ್ಲಿ ಸೈಟು ಕೊಂಡು ಉಳಿದದ್ದಕ್ಕೆ ಚಿನ್ನ ತೆಗೆದುಕೊ’ ಎನ್ನುತ್ತಾರೆ ಸ್ನೇಹಿತರು. ಹೆಂಡತಿ ಒಪ್ಪುತ್ತಿಲ್ಲ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು, ಅಮೆರಿಕ ಎಂಬ ದೇಶ ಕುಸಿಯುತ್ತದೆ ಎಂಬುದು. ಇನ್ನೊಂದು, ಮುಂದಿನ ಸಲ ಸರ್ಕಾರ ಮುಚ್ಚಿದರೆ ನಿಮ್ಮ ಮನೆ ಹೇಗೆ ನಡೆಯುತ್ತದೆ ಎಂಬುದು. ಇಪ್ಪತ್ತೈದು ವರ್ಷಗಳಿಂದ ಅಮೆರಿಕದಲ್ಲಿ ಕುಟುಂಬಗಳಿಗೆ ಹಣಕಾಸಿನ ಸಲಹೆ ಕೊಡುತ್ತಿದ್ದೇನೆ. ಆ ಅನುಭವದಿಂದ ಹೇಳುವುದಾದರೆ ಎರಡನೆಯ ಭಯ ಪೂರ್ತಿ ನಿಜ, ಮೊದಲನೆಯದು ಬಹುಮಟ್ಟಿಗೆ ತಪ್ಪು ತಿಳಿವಳಿಕೆ. ಸ್ನೇಹಿತರು ಹೇಳುತ್ತಿರುವ ಔಷಧ ಮೊದಲನೆಯದಕ್ಕೆ. ಅದನ್ನು ಕುಡಿದರೆ ಎರಡನೆಯ ಕಾಯಿಲೆ ಉಲ್ಬಣಿಸುತ್ತದೆ. ಆದ್ದರಿಂದ ಈ ವಿಷಯದಲ್ಲಿ ನಾನು ನಿಮ್ಮ ಹೆಂಡತಿಯ ಪಕ್ಷ. ಆದರೆ ‘ಏನೂ ಆಗುವುದಿಲ್ಲ, ಸುಮ್ಮನಿರಿ’ ಎಂದೂ ನಾನು ಹೇಳುವುದಿಲ್ಲ.

ಸರ್ಕಾರ ಮುಚ್ಚುವುದು, ಸಾಲದ ಮಿತಿ, ಸಾಲದ ದರ್ಜೆ ಇಳಿಯುವುದು, ಈ ಮೂರನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಮೂರೂ ಬೇರೆ.

ಸರ್ಕಾರ ಮುಚ್ಚುವುದಕ್ಕೆ ಬೊಕ್ಕಸ ಖಾಲಿಯಾಗಬೇಕಾಗಿಲ್ಲ. ಇಲಾಖೆಗಳು ಖರ್ಚು ಮಾಡಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಪ್ರತಿ ವರ್ಷ ಹನ್ನೆರಡು ವಿನಿಯೋಗ ಮಸೂದೆಗಳನ್ನು ಅಕ್ಟೋಬರ್ 1ರೊಳಗೆ ಅಂಗೀಕರಿಸಬೇಕು. ಅನುಮತಿ ಇಲ್ಲದೆ ಖರ್ಚು ಮಾಡಬಾರದೆಂಬ ಕಾನೂನು ಹತ್ತೊಂಬತ್ತನೆಯ ಶತಮಾನದ್ದು. ಆದರೂ 1980ರವರೆಗೆ ಮಸೂದೆ ತಡವಾದರೆ ಕಚೇರಿಗಳು ಹೇಗೋ ನಡೆಯುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಆಗಿದ್ದ ಬೆಂಜಮಿನ್ ಸಿವಿಲೆಟ್ಟಿ ಕಾನೂನನ್ನು ಅಕ್ಷರಶಃ ಓದಿ, ಅನುಮತಿ ಇಲ್ಲವೆಂದರೆ ಬಾಗಿಲು ಹಾಕಲೇಬೇಕು ಎಂಬ ಅಭಿಪ್ರಾಯ ಕೊಟ್ಟರು. ಅಲ್ಲಿಂದ ಮುಂದೆ ಮಸೂದೆ ಚೌಕಾಸಿಯ ಆಯುಧವಾಯಿತು. ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಇಂಥ ಮಸೂದೆ ಮುಂದೆ ಸಾಗಲು ನೂರರಲ್ಲಿ ಅರವತ್ತು ಮತ ಬೇಕು. ಎರಡೂ ಪಕ್ಷಗಳು ಅರ್ಧರ್ಧ ಬಲದಲ್ಲಿರುವ ಕಾಲದಲ್ಲಿ ಅರವತ್ತನ್ನು ಮುಟ್ಟಲು ಎದುರು ಪಕ್ಷದ ಕೈ ಹಿಡಿಯದೆ ದಾರಿಯಿಲ್ಲ. 2018-19ರಲ್ಲಿ ಮೆಕ್ಸಿಕೋ ಗಡಿಯ ಗೋಡೆಗಾಗಿ 35 ದಿನ, 2025ರಲ್ಲಿ ಆರೋಗ್ಯ ವಿಮೆಯ ಸಹಾಯಧನಕ್ಕಾಗಿ 43 ದಿನ ಬಾಗಿಲು ಮುಚ್ಚಿತು. ಆ ದಿನಗಳಲ್ಲೂ ಸರ್ಕಾರಿ ಸಾಲಪತ್ರಗಳ ಬಡ್ಡಿ ಸಂದಾಯವಾಯಿತು, ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಬಂತು, ಬ್ಯಾಂಕುಗಳು ಎಂದಿನಂತೆ ತೆರೆದಿದ್ದವು.

ಸಾಲದ ಮಿತಿ ಇದಕ್ಕಿಂತ ಅಪಾಯಕಾರಿ. ಸರ್ಕಾರ ಒಟ್ಟು ಎಷ್ಟು ಸಾಲ ಮಾಡಬಹುದೆಂಬ ಈ ಗೆರೆಯ ಮೂಲ 1917ರ ಕಾನೂನಿನಲ್ಲಿದೆ. ಅದನ್ನು ಏರಿಸದಿದ್ದರೆ ಈಗಾಗಲೇ ಒಪ್ಪಿಕೊಂಡ ಖರ್ಚಿಗೂ ಹಳೆಯ ಸಾಲದ ಬಡ್ಡಿಗೂ ಹಣ ಹುಟ್ಟುವುದಿಲ್ಲ. 2011ರಲ್ಲೂ 2023ರಲ್ಲೂ ಕೊನೆಯ ಕೆಲವೇ ದಿನಗಳು ಉಳಿದಿದ್ದಾಗ ಒಪ್ಪಂದವಾಯಿತು. 1979ರಲ್ಲಿ ಕೆಲವು ಅಲ್ಪಾವಧಿ ಸಾಲಪತ್ರಗಳ ಪಾವತಿ ತುಸು ತಡವಾದದ್ದು ಬಿಟ್ಟರೆ ಗೆರೆ ದಾಟಿ ಮಾತಿಗೆ ತಪ್ಪಿದ ಉದಾಹರಣೆ ಇಲ್ಲ. 2025ರ ಜುಲೈನಲ್ಲಿ ಮಿತಿಯನ್ನು ಒಂದೇ ಸಲ 5 ಲಕ್ಷ ಕೋಟಿ ಡಾಲರ್‌ಗಳಷ್ಟು ಏರಿಸಿ 41.1 ಲಕ್ಷ ಕೋಟಿಗೆ ತಂದು ನಿಲ್ಲಿಸಿದ್ದಾರೆ. ಸಾಲ ಅದೇ ಅಕ್ಟೋಬರ್‌ನಲ್ಲಿ 38 ಲಕ್ಷ ಕೋಟಿ ದಾಟಿತು. ಈ ಜಗಳ ಮತ್ತೆ ಬರುವುದು ಖಂಡಿತ.

ಇನ್ನು ದರ್ಜೆ. ಸಾಲ ತೀರಿಸುವ ಸಾಮರ್ಥ್ಯವನ್ನು ಅಳೆದು ದರ್ಜೆ ಕೊಡುವ ಸಂಸ್ಥೆಗಳಾದ ಸ್ಟ್ಯಾಂಡರ್ಡ್ ಅಂಡ್ ಪೂವರ್ಸ್ 2011ರಲ್ಲಿ, ಫಿಚ್ 2023ರಲ್ಲಿ, ಮೂಡೀಸ್ 2025ರ ಮೇ ತಿಂಗಳಲ್ಲಿ ಅಮೆರಿಕವನ್ನು ಅತ್ಯುನ್ನತ ದರ್ಜೆಯಿಂದ ತಲಾ ಒಂದು ಮೆಟ್ಟಿಲು ಇಳಿಸಿದವು. ಮೊದಲನೆಯ ಇಳಿಕೆ ನನಗೆ ಚೆನ್ನಾಗಿ ನೆನಪಿದೆ. 2011ರ ಆಗಸ್ಟ್ 5, ಶುಕ್ರವಾರ ಸಂಜೆ ಸುದ್ದಿ ಬಂತು. ಸೋಮವಾರ ಬೆಳಿಗ್ಗೆಯಿಂದ ಫೋನ್ ಬಿಡುವು ಕೊಡಲಿಲ್ಲ. ಷೇರುಪೇಟೆ ಆ ಒಂದೇ ದಿನ ಶೇ 6ಕ್ಕಿಂತ ಹೆಚ್ಚು ಬಿದ್ದಿತು. ಆದರೆ ಷೇರು ಮಾರಿದ ಜನ ಹಣವನ್ನು ಎಲ್ಲಿಗೆ ಒಯ್ದರು? ದರ್ಜೆ ಇಳಿದ ಅದೇ ಅಮೆರಿಕದ ಸಾಲಪತ್ರಗಳಿಗೆ. ಅವುಗಳ ಬೆಲೆ ಏರಿತು! ನನ್ನ ಬಳಿ ಬರುತ್ತಿದ್ದ ಒಂದು ದಂಪತಿ ಆ ವಾರ ಇದ್ದುದನ್ನೆಲ್ಲ ಮಾರಿ ನಗದಿನಲ್ಲಿ ಕುಳಿತರು. ನಾನು ಬೇಡವೆಂದೆ, ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಆ ವರ್ಷದ ಕೊನೆಗೆ ದೊಡ್ಡ ಕಂಪನಿಗಳ ಷೇರುಗಳನ್ನು ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ ಜನವರಿಯಲ್ಲಿ ಎಲ್ಲಿತ್ತೋ ಹೆಚ್ಚೂಕಡಿಮೆ ಅಲ್ಲಿಗೇ ಬಂದು ನಿಂತಿತ್ತು. ಅವರು ಮತ್ತೆ ಒಳಗೆ ಬರುವ ಧೈರ್ಯ ಮಾಡಿದ್ದು 2014ರಲ್ಲಿ. ಅಷ್ಟರಲ್ಲಿ ಪೇಟೆ ಎಷ್ಟೋ ಮೇಲಕ್ಕೆ ಹೋಗಿತ್ತು. ಅವರ ನಿವೃತ್ತಿ ಮೂರು ವರ್ಷ ಮುಂದಕ್ಕೆ ಹೋದದ್ದಕ್ಕೆ ವಾಷಿಂಗ್ಟನ್ನಿನ ಜಗಳಕ್ಕಿಂತ ಆ ಒಂದು ವಾರದ ನಿರ್ಧಾರವೇ ಕಾರಣ.

‘ಚೀನಾ ಸಾಲ ವಾಪಸ್ ಕೇಳಿದರೆ ಗತಿ ಏನು’ ಎಂಬ ಪ್ರಶ್ನೆಯೂ ಈ ಮಾತಿನಲ್ಲಿ ಬಂದೇ ಬರುತ್ತದೆ. ಸಾಲಪತ್ರವನ್ನು ಅವಧಿಗೆ ಮುಂಚೆ ವಾಪಸ್ ಕೇಳಲು ಬರುವುದಿಲ್ಲ, ಪೇಟೆಯಲ್ಲಿ ಮಾರಬಹುದು ಅಷ್ಟೆ. ಚೀನಾದ ಪಾಲು ಒಂದು ಲಕ್ಷ ಕೋಟಿ ಡಾಲರ್‌ಗಿಂತ ಕಡಿಮೆ, ಜಪಾನಿನದು ಅದಕ್ಕಿಂತ ಹೆಚ್ಚು. ಸಾಲದ ಬಹುಪಾಲು ಅಮೆರಿಕದವರ ಕೈಯಲ್ಲೇ ಇದೆ: ಪಿಂಚಣಿ ನಿಧಿಗಳು, ಬ್ಯಾಂಕುಗಳು, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, ನಿಮ್ಮ 401ಕೆಯಲ್ಲಿರುವ ಬಾಂಡ್ ನಿಧಿ ಕೂಡ.

ಹಾಗಾದರೆ ಚಿಂತೆಗೆ ಕಾರಣವೇ ಇಲ್ಲವೇ? ಇದೆ. 2001ರ ನಂತರ ಈ ದೇಶ ಒಂದು ವರ್ಷವೂ ಮಿಗತೆ ಬಜೆಟ್ ಕಂಡಿಲ್ಲ. ಒಬ್ಬರು ತೆರಿಗೆ ಇಳಿಸುತ್ತಾರೆ, ಇನ್ನೊಬ್ಬರು ಖರ್ಚು ಏರಿಸುತ್ತಾರೆ, ಇಬ್ಬರೂ ಮುದುಕರ ಪಿಂಚಣಿ ಮತ್ತು ವೈದ್ಯಕೀಯ ವೆಚ್ಚವನ್ನು ಮುಟ್ಟಲು ಹೆದರುತ್ತಾರೆ. ಬಡ್ಡಿ ದರ ಸೊನ್ನೆಯ ಹತ್ತಿರವಿದ್ದಾಗ ಇದು ಯಾರಿಗೂ ತಟ್ಟಲಿಲ್ಲ. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಮುಟ್ಟಿತು. ಅದನ್ನು ತಡೆಯಲು ಫೆಡರಲ್ ರಿಸರ್ವ್ 2023ರ ಜುಲೈ ಹೊತ್ತಿಗೆ ದರವನ್ನು ಶೇ 5.25ರಿಂದ 5.5ರ ಮಟ್ಟಕ್ಕೆ ಏರಿಸಿತು. ಹಳೆಯ ಅಗ್ಗದ ಸಾಲಗಳ ಅವಧಿ ಮುಗಿದಂತೆಲ್ಲ ಅವನ್ನು ದುಬಾರಿ ಬಡ್ಡಿಗೆ ಹೊಸದಾಗಿ ಎತ್ತಬೇಕಾಯಿತು. 2024ರ ಆರ್ಥಿಕ ವರ್ಷದಲ್ಲಿ ಬಡ್ಡಿಗೆ ಕೊಟ್ಟ ಹಣ ರಕ್ಷಣೆಗೆ ಕೊಟ್ಟದ್ದನ್ನು ಮೀರಿತು. ತನ್ನದೇ ನಾಣ್ಯದಲ್ಲಿ ಸಾಲ ಮಾಡುವ ದೇಶಕ್ಕೆ ಒಂದು ರಾತ್ರಿಯಲ್ಲಿ ದಿವಾಳಿಯಾಗುವ ಪ್ರಮೇಯ ಬರುವುದಿಲ್ಲ. ಅಲ್ಲಿ ರೋಗ ಬೇರೆ ರೂಪದಲ್ಲಿ ಬರುತ್ತದೆ: ಬಡ್ಡಿ ಇಳಿಯುವುದಿಲ್ಲ, ಬೆಲೆಗಳು ಸದ್ದಿಲ್ಲದೆ ಏರುತ್ತವೆ, ಶಾಲೆ ಮತ್ತು ಸಂಶೋಧನೆಯ ಹಣಕ್ಕೆ ಕತ್ತರಿ ಬೀಳುತ್ತದೆ, ನಿಮ್ಮಂಥವರ ಗುತ್ತಿಗೆಗಳು ನವೀಕರಣವಾಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಸಾಲದ ಮೊತ್ತಕ್ಕಿಂತ ಸಂಸ್ಥೆಗಳ ಮೇಲಿನ ನಂಬಿಕೆ. 2025ರ ಏಪ್ರಿಲ್ 2ರಂದು ಹೊಸ ಸುಂಕಗಳು ಘೋಷಣೆಯಾದ ಮೇಲೆ ಷೇರುಗಳು ಬಿದ್ದವು. ಆ ಬಾರಿ 2011ರಂತೆ ಸಾಲಪತ್ರಗಳು ಆಸರೆಯಾಗಲಿಲ್ಲ. ಕೆಲವು ದಿನ ಷೇರು, ಸಾಲಪತ್ರ, ಡಾಲರ್ ಮೂರೂ ಒಟ್ಟಿಗೆ ಇಳಿದವು. ಏಪ್ರಿಲ್ 9ರಂದು ಹೆಚ್ಚಿನ ಸುಂಕಗಳನ್ನು ತೊಂಬತ್ತು ದಿನ ತಡೆಹಿಡಿದ ಮೇಲೆಯೇ ಪೇಟೆ ಉಸಿರಾಡಿದ್ದು. ಆಗಸ್ಟ್ 1ರಂದು ಉದ್ಯೋಗದ ಅಂಕಿಗಳು ಕಳಪೆಯಾಗಿ ಬಂದ ದಿನವೇ ಅವನ್ನು ಪ್ರಕಟಿಸುವ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥೆ ಎರಿಕಾ ಮೆಕ್‌ಎಂಟಾರ್ಫರ್ ಅವರನ್ನು ಅಧ್ಯಕ್ಷ ಟ್ರಂಪ್ ವಜಾ ಮಾಡಿದರು. ಅದೇ ತಿಂಗಳು ಫೆಡರಲ್ ರಿಸರ್ವ್‌ನ ಗವರ್ನರ್ ಲೀಸಾ ಕುಕ್ ಅವರನ್ನು ತೆಗೆಯಲು ಹೊರಟರು. ವಿಷಯ ನ್ಯಾಯಾಲಯ ಹತ್ತಿತು. ಅಕ್ಟೋಬರ್‌ನಲ್ಲಿ ಸರ್ಕಾರ ಮುಚ್ಚಿದ್ದರಿಂದ ಆ ತಿಂಗಳ ಬೆಲೆ ಸೂಚ್ಯಂಕವೂ ನಿರುದ್ಯೋಗ ದರವೂ ಪ್ರಕಟವಾಗಲೇ ಇಲ್ಲ. ಜ್ವರ ನೋಡುವ ಉಪಕರಣವನ್ನೇ ಎತ್ತಿಟ್ಟರೆ ವೈದ್ಯ ಏನು ಮಾಡಬೇಕು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದಶಕಗಳಲ್ಲಿ ಗಳಿಸಿದ ಈ ಸಂಸ್ಥೆಗಳ ಹೆಸರಿನ ಬಗ್ಗೆ ನನಗೆ ನಿಜವಾಗಿಯೂ ಸಂಕಟವಿದೆ. ಇದು ಹತ್ತು ವರ್ಷಗಳಲ್ಲಿ ನಿಮ್ಮ ಉಳಿತಾಯವನ್ನು ಮುಟ್ಟುವ ವಿಷಯ. ಆದ್ದರಿಂದ ಪರಿಹಾರವೂ ಹತ್ತು ವರ್ಷದ ಲೆಕ್ಕದಲ್ಲಿರಬೇಕು.

ಈಗ ಸ್ನೇಹಿತರ ಸಲಹೆಯನ್ನು ಲೆಕ್ಕ ಹಾಕಿ ನೋಡೋಣ. ಐವತ್ತೊಂಬತ್ತೂವರೆ ವರ್ಷಕ್ಕೆ ಮುಂಚೆ 401ಕೆ ಮುರಿದರೆ ಸಾಮಾನ್ಯವಾಗಿ ಶೇ 10 ದಂಡ. ನಿಮ್ಮ ಮಟ್ಟಿಗೆ 18 ಸಾವಿರ ಡಾಲರ್. ಇಡೀ ಮೊತ್ತ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಕುಟುಂಬದ ಸಂಬಳ ಒಂದೂವರೆ ಲಕ್ಷದ ಆಸುಪಾಸು ಇದೆ ಎಂದಿಟ್ಟುಕೊಂಡರೂ ಶೇ 22 ಮತ್ತು 24ರ ಫೆಡರಲ್ ತೆರಿಗೆಗೆ 40 ಸಾವಿರದಷ್ಟು ಹೋಗುತ್ತದೆ. ಮೇರಿಲ್ಯಾಂಡ್ ರಾಜ್ಯ ಮತ್ತು ಕೌಂಟಿಯ ತೆರಿಗೆ ಸೇರಿ ಇನ್ನು 14 ಸಾವಿರದ ಸುಮಾರು. ಅಂದರೆ 1.8 ಲಕ್ಷದಲ್ಲಿ 70 ಸಾವಿರಕ್ಕೂ ಹೆಚ್ಚು ಮೊದಲ ದಿನವೇ ಇಲ್ಲ. ಡಾಲರ್ ಮೌಲ್ಯ ಶೇ 40 ಕುಸಿಯಬಹುದೆಂಬ ಭಯಕ್ಕೆ ಶೇ 40ನ್ನು ನೀವೇ ಖಚಿತವಾಗಿ ಕಳೆದುಕೊಂಡಂತಾಯಿತು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ. ಜೊತೆಗೆ ಆ ವರ್ಷ ನಿಮ್ಮ ಆದಾಯ ಕಾಗದದ ಮೇಲೆ ಉಬ್ಬುವುದರಿಂದ, ಮುಂದೆ ಆ ವರ್ಷದ ತೆರಿಗೆ ಲೆಕ್ಕವನ್ನು ಕೇಳುವ ಮಗಳ ಕಾಲೇಜು ನೆರವಿಗೂ ಪೆಟ್ಟು.

ರೂಪಾಯಿಯ ವಿಷಯ ಇನ್ನೂ ಕುತೂಹಲದ್ದು. 2025ರ ಮೊದಲಾರ್ಧದಲ್ಲಿ ಡಾಲರ್ ಇತರ ಪ್ರಮುಖ ನಾಣ್ಯಗಳ ಎದುರು ಶೇ 10ಕ್ಕಿಂತ ಹೆಚ್ಚು ಇಳಿಯಿತು. 1973ರ ನಂತರ ಅಂಥ ಮೊದಲಾರ್ಧ ಕಂಡಿರಲಿಲ್ಲ. ನಿಮ್ಮ ಸ್ನೇಹಿತರು ಹೇಳುವುದು ಅಷ್ಟರಮಟ್ಟಿಗೆ ಸರಿ. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದು ಡಾಲರ್‌ಗೆ ಮೊದಲ ಬಾರಿಗೆ 90 ರೂಪಾಯಿ ದಾಟಿತು. ಇಳಿಯುತ್ತಿದ್ದ ಡಾಲರ್‌ನ ಎದುರೂ ರೂಪಾಯಿ ಇಳಿಯಿತು. ಭಾರತದ ಸರಕಿನ ಮೇಲೆ ಆಗಸ್ಟ್ 27ರಿಂದ ಬಿದ್ದ ಶೇ 50ರ ಸುಂಕ ಮತ್ತು ವಿದೇಶಿ ಹೂಡಿಕೆದಾರರ ನಿರ್ಗಮನ ಇದಕ್ಕೆ ಕಾರಣಗಳಲ್ಲಿ ಸೇರಿದ್ದವು. ಅಮೆರಿಕದ ರಾಜಕೀಯದ ಬಿಸಿಯಿಂದ ತಪ್ಪಿಸಿಕೊಳ್ಳಲು ರೂಪಾಯಿಗೆ ಓಡಿದರೆ ಆ ಬಿಸಿ ಅಲ್ಲಿಗೂ ಬರುತ್ತದೆ.

ಊರಿನಲ್ಲಿ ಸೈಟು ಕೊಳ್ಳುವ ಆಸೆ ನನಗೆ ಅರ್ಥವಾಗುತ್ತದೆ. ನಾನೂ ಕೊಂಡಿದ್ದೇನೆ. ಮರಳಿ ಹೋಗಿ ಮನೆ ಕಟ್ಟುವ ಗಟ್ಟಿ ಯೋಚನೆ ಇದ್ದರೆ ಸಂಬಳದ ಉಳಿತಾಯದಲ್ಲಿ, ನಿಧಾನವಾಗಿ, ಖಾತೆ ಮತ್ತು ಹಿಂದಿನ ಕ್ರಯಪತ್ರಗಳನ್ನು ವಕೀಲರಿಂದ ಪರೀಕ್ಷಿಸಿ ಕೊಳ್ಳಿ. ಕೃಷಿ ಭೂಮಿಯನ್ನು ಅನಿವಾಸಿ ಭಾರತೀಯರು ಕೊಳ್ಳುವಂತಿಲ್ಲ ಎಂಬುದನ್ನು ಮರೆಯಬೇಡಿ. ‘ಮುಂದೆ ಪರಿವರ್ತನೆ ಆಗುತ್ತದೆ’ ಎಂದು ಹೇಳಿ ಮಾರುವವರಿಂದ ದೂರವಿರಿ. ಖಾಲಿ ಸೈಟು ಆಪತ್ಕಾಲದ ಹಣವಲ್ಲ. ಸಂಬಳ ನಿಂತ ಮೂರನೆಯ ವಾರದಲ್ಲಿ ಅದನ್ನು ಮಾರಲಾಗುವುದಿಲ್ಲ. ಚಿನ್ನಕ್ಕೂ ಒಂದು ಮಾತು: 2025ರ ಅಕ್ಟೋಬರ್‌ನಲ್ಲಿ ಔನ್ಸಿಗೆ 4,000 ಡಾಲರ್ ದಾಟಿದ್ದೇ ಭಯ ಎಷ್ಟು ಹರಡಿದೆ ಎಂಬುದಕ್ಕೆ ಸಾಕ್ಷಿ. 1980ರ ಜನವರಿಯಲ್ಲಿ ಇಂಥದೇ ಭಯದಲ್ಲಿ 850 ಡಾಲರ್ ಮುಟ್ಟಿದ ಚಿನ್ನ ಇಪ್ಪತ್ತು ವರ್ಷಗಳ ನಂತರ 300ಕ್ಕಿಂತ ಕೆಳಗಿತ್ತು. ಒಟ್ಟು ಉಳಿತಾಯದಲ್ಲಿ ಶೇ 5ರಷ್ಟು ಚಿನ್ನವಿದ್ದರೆ ನನ್ನ ತಕರಾರಿಲ್ಲ.

ಇನ್ನು ನಿಮ್ಮ ನಿಜವಾದ ಕಷ್ಟ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಗುತ್ತಿಗೆ ನೌಕರರು ಆ ಕೂಸು. ಸರ್ಕಾರಿ ನೌಕರರಿಗೆ ಹಿಂಬಾಕಿ ಕೊಡಲೇಬೇಕೆಂದು 2019ರಲ್ಲಿ ಕಾನೂನಾಯಿತು. ನಿಮ್ಮಂಥವರಿಗೆ ಅಂಥ ರಕ್ಷಣೆ ಇಲ್ಲ, ಇದು ಅನ್ಯಾಯ ಎಂದೇ ನಾನು ನಂಬುತ್ತೇನೆ. ಅದೇ ಕಚೇರಿಯಲ್ಲಿ ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡಿದವರು ನೀವು. 43 ದಿನ ನಿಮಗೆ ಬಾರದ ಸಂಬಳ ದೇಶದ ಲೆಕ್ಕದಲ್ಲೂ ಮರಳಿ ಬಾರದ ನಷ್ಟವೇ. ಆರು ವಾರ ಮುಚ್ಚಿದರೆ 1,100 ಕೋಟಿ ಡಾಲರ್‌ನಷ್ಟು ಉತ್ಪಾದನೆ ಶಾಶ್ವತವಾಗಿ ಹೋಗುತ್ತದೆ ಎಂದು ಕಾಂಗ್ರೆಸ್‌ನ ಬಜೆಟ್ ಕಚೇರಿಯೇ ಅಂದಾಜು ಮಾಡಿತ್ತು.

ಆದ್ದರಿಂದ ಮೊದಲ ಕೆಲಸ ಆಪತ್ಕಾಲದ ನಿಧಿ. ಮೂರು ತಿಂಗಳ ಖರ್ಚು ಸಾಕು ಎಂಬ ಪಾಠ ಬೇರೆಯವರಿಗೆ. ನಿಮ್ಮಂಥ ಕೆಲಸದಲ್ಲಿರುವವರು ಆರು ತಿಂಗಳಿನದನ್ನು ಇಟ್ಟುಕೊಳ್ಳಬೇಕು. ಏಕೆಂದರೆ ಬಾಗಿಲು ತೆರೆದ ಮೇಲೂ ಗುತ್ತಿಗೆ ಕಂಪನಿಯ ಬಿಲ್ಲು ಪಾಸಾಗಿ ಸಂಬಳ ಬರಲು ವಾರಗಳು ಹಿಡಿಯುತ್ತವೆ. 2025ರ ನವೆಂಬರ್‌ನ ಒಪ್ಪಂದ ಕೂಡ ಹೆಚ್ಚಿನ ಇಲಾಖೆಗಳಿಗೆ ಜನವರಿ 30ರವರೆಗೆ ಮಾತ್ರ ಹಣ ಕೊಟ್ಟಿತ್ತು ಎಂಬುದನ್ನು ನೆನಪಿಡಿ. ಈ ಹಣವನ್ನು ಹೆಚ್ಚು ಬಡ್ಡಿ ಕೊಡುವ ಉಳಿತಾಯ ಖಾತೆಯಲ್ಲಿಡಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ಠೇವಣಿ ವಿಮೆ ಇದೆ. ಅಥವಾ ಒಂದು ಭಾಗವನ್ನು ಮೂರು ತಿಂಗಳ ಸರ್ಕಾರಿ ಸಾಲಪತ್ರದಲ್ಲಿಡಬಹುದು, ಅದರ ಬಡ್ಡಿಗೆ ಮೇರಿಲ್ಯಾಂಡ್ ತೆರಿಗೆ ಇಲ್ಲ. ಸಾಲದ ಮಿತಿಯ ಜಗಳ ಬಿಗಿಯಾಗಿರುವ ತಿಂಗಳುಗಳಲ್ಲಿ ಆ ಭಾಗವನ್ನು ಬ್ಯಾಂಕಿಗೇ ತಂದಿಡಿ.

ನಿಧಿ ತುಂಬಲು ಒಂದೆರಡು ವರ್ಷ ಬೇಕು. ಅಲ್ಲಿಯವರೆಗೆ ಮನೆಯ ಆಧಾರದ ಮೇಲೆ, ಬೇಕಾದಾಗ ಮಾತ್ರ ಹಣ ತೆಗೆಯಬಹುದಾದ ಸಾಲದ ಸೌಲಭ್ಯವೊಂದನ್ನು ಸಂಬಳ ಬರುತ್ತಿರುವಾಗಲೇ ಮಂಜೂರು ಮಾಡಿಸಿಟ್ಟುಕೊಳ್ಳಿ. ಸಂಬಳ ನಿಂತ ಮೇಲೆ ಕೇಳಿದರೆ ಬ್ಯಾಂಕು ಕೊಡುವುದಿಲ್ಲ. ಇದರ ಅಪಾಯವೂ ಗೊತ್ತಿರಲಿ: ಬಡ್ಡಿ ಬದಲಾಗುತ್ತಿರುತ್ತದೆ, ಒತ್ತೆ ಇರುವುದು ಮನೆ. ಮುಟ್ಟದೆ ಇಟ್ಟುಕೊಳ್ಳುವ ಶಿಸ್ತು ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ನಿಮ್ಮ ಮನೆಯ ಮೂಲ ಸಾಲವನ್ನು ಮಾತ್ರ ಬೇಗ ತೀರಿಸಲು ಹೋಗಬೇಡಿ. 2025ರಲ್ಲಿ ಮನೆ ಕೊಂಡವರು ಶೇ 6ಕ್ಕಿಂತ ಹೆಚ್ಚು ಬಡ್ಡಿ ಕೊಡುತ್ತಿದ್ದರು. ಶೇ 2.9ರ ಸ್ಥಿರ ಸಾಲ ನಿಮ್ಮ ಬಳಿ ಇರುವ ದೊಡ್ಡ ಆಸ್ತಿ. ಸ್ನೇಹಿತರು ಹೆದರುವಂತೆ ಡಾಲರ್ ನಿಜವಾಗಿ ಸವೆದರೆ ಅದರೊಂದಿಗೆ ಸವೆಯುವುದು ಆ ಸಾಲವೂ ಹೌದು, ಏಕೆಂದರೆ ನೀವು ಕಟ್ಟುವ ಕಂತು ಸಾಲ ತೀರುವವರೆಗೂ ಇಷ್ಟೇ ಇರುತ್ತದೆ.

ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಈ ವಾರವೇ ಒಂದು ಪತ್ರ ಬರೆಯಿರಿ. ಸಂಬಳವಿಲ್ಲದ ರಜೆಯಲ್ಲಿ ಆರೋಗ್ಯ ವಿಮೆ ಎಷ್ಟು ವಾರ ಮುಂದುವರಿಯುತ್ತದೆ, ಉಳಿದ ರಜೆಗಳನ್ನು ಬಳಸಿ ಸಂಬಳ ಪಡೆಯಬಹುದೇ, ಸರ್ಕಾರದ ಹಣವನ್ನು ನೇರವಾಗಿ ಅವಲಂಬಿಸದ ಬೇರೆ ಯೋಜನೆಗೆ ನಿಮ್ಮನ್ನು ವರ್ಗಾಯಿಸಬಹುದೇ ಎಂದು ಕೇಳಿ. ಮೂರನೆಯದಕ್ಕೆ ಉತ್ತರ ‘ಇಲ್ಲ’ ಎಂದಾದರೆ ಆಸ್ಪತ್ರೆ, ವಿಮೆ ಅಥವಾ ರಾಜ್ಯ ಸರ್ಕಾರದ ಕೆಲಸಗಳ ಕಡೆಗೆ ಈಗಿನಿಂದಲೇ ನೋಡಲು ತೊಡಗಿ. ಕೆಲಸವಿದ್ದಾಗ ಕೆಲಸ ಹುಡುಕುವುದು ಸುಲಭ. ಮತ್ತೆ ಮುಚ್ಚಿದರೆ ಮೊದಲ ವಾರವೇ ರಾಜ್ಯದ ನಿರುದ್ಯೋಗ ವಿಮೆಗೆ ಅರ್ಜಿ ಹಾಕಿ. ಮೊತ್ತ ಸಣ್ಣದು, ಆದರೆ ಹಿಂಬಾಕಿ ಪಡೆಯುವ ಸರ್ಕಾರಿ ನೌಕರರು ಅದನ್ನು ಮರಳಿಸಬೇಕು, ಹಿಂಬಾಕಿ ಬಾರದ ನೀವು ಮರಳಿಸಬೇಕಾಗಿಲ್ಲ. ಎಷ್ಟೋ ಜನ ನಮ್ಮವರು ಸಂಕೋಚದಿಂದ ಅರ್ಜಿಯನ್ನೇ ಹಾಕುವುದಿಲ್ಲ. ನೀವು ದುಡಿದ ವರ್ಷಗಳಲ್ಲಿ ನಿಮ್ಮ ಹೆಸರಿನಲ್ಲಿ ಕಟ್ಟಿದ ವಿಮೆ ಅದು. ಮಗಳ ಕಾಲೇಜಿಗೂ ಆ 43 ದಿನಗಳ ಸಂಬಳ ನಷ್ಟದ ದಾಖಲೆ ಕೊಟ್ಟು ನೆರವನ್ನು ಮರುಪರಿಶೀಲಿಸಲು ಕೇಳಬಹುದು. ಆ ಅಧಿಕಾರ ಕಾಲೇಜಿನ ನೆರವು ಕಚೇರಿಗೆ ಇದೆ.

401ಕೆಯನ್ನು ಮುರಿಯದೆಯೇ ನಿಮ್ಮ ದೀರ್ಘ ಭಯಕ್ಕೆ ಉತ್ತರ ಕಂಡುಕೊಳ್ಳಬಹುದು. ಹಳೆಯ ಕಂಪನಿಯ ಖಾತೆಯನ್ನು ನೇರ ವರ್ಗಾವಣೆಯ ಮೂಲಕ ಐಆರ್‌ಎ ಎಂಬ ವೈಯಕ್ತಿಕ ನಿವೃತ್ತಿ ಖಾತೆಗೆ ತನ್ನಿ. ತೆರಿಗೆಯೂ ಇಲ್ಲ, ದಂಡವೂ ಇಲ್ಲ. ಅದರೊಳಗೆ ಮೂರನೆಯ ಒಂದು ಭಾಗವನ್ನು ಅಮೆರಿಕದ ಹೊರಗಿನ ಷೇರುಗಳ ಸೂಚ್ಯಂಕ ನಿಧಿಗೆ, ಸ್ವಲ್ಪವನ್ನು ಹಣದುಬ್ಬರಕ್ಕೆ ತಕ್ಕಂತೆ ಏರುವ ಸರ್ಕಾರಿ ಸಾಲಪತ್ರಗಳಿಗೆ ಬದಲಿಸಿ. ಡಾಲರ್ ಇಳಿದರೆ ಹೊರಗಿನ ಭಾಗ ಕೈ ಹಿಡಿಯುತ್ತದೆ. ಅಮೆರಿಕದ ಪೇಟೆಯೇ ಮತ್ತೆ ಮುಂದೆ ಓಡಿದರೆ ನೀವು ತುಸು ಹಿಂದೆ ಉಳಿಯುತ್ತೀರಿ, ಅದಕ್ಕೆ ಮನಸ್ಸು ಸಿದ್ಧವಿರಲಿ. ಭಾರತದ ಮ್ಯೂಚುವಲ್ ಫಂಡುಗಳನ್ನು ಮಾತ್ರ ಗ್ರೀನ್ ಕಾರ್ಡ್ ಇರುವಾಗ ಕೊಳ್ಳಬೇಡಿ. ಅಮೆರಿಕದ ತೆರಿಗೆ ಕಾನೂನು ಅವನ್ನು ಬಹಳ ಕಠಿಣವಾಗಿ ನೋಡುತ್ತದೆ. ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10 ಸಾವಿರ ಡಾಲರ್ ದಾಟಿದರೂ ಇಲ್ಲಿ ವರದಿ ಮಾಡಲೇಬೇಕು. ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲದಿದ್ದರೂ ಇಲ್ಲಿ ಇದೆ.

ಕೊನೆಗೆ ಅಮ್ಮನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ ಸಾಲು ಅದೇ. ಆಪತ್ಕಾಲದ ನಿಧಿಯಲ್ಲಿ ಮೊದಲು ತುಂಬಬೇಕಾದ ಭಾಗ ಅವರದು. ಅವರಿಗೆ ಬೇಕಾದ ಆರು ತಿಂಗಳ ಹಣವನ್ನು ನಿಮ್ಮ ಎನ್‌ಆರ್‌ಇ ಖಾತೆಯಲ್ಲಿ ಮುಂಗಡವಾಗಿ ಇಟ್ಟು, ಪ್ರತಿ ತಿಂಗಳು 1ನೇ ತಾರೀಖು ಅವರ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. 2026ರಿಂದ ಬಂದಿರುವ ಶೇ 1ರ ರವಾನೆ ತೆರಿಗೆ ನಗದು, ಮನಿ ಆರ್ಡರ್‌ನಂಥ ರೂಪದಲ್ಲಿ ಕಳುಹಿಸುವವರಿಗೆ. ನಿಮ್ಮ ಬ್ಯಾಂಕ್ ಖಾತೆಯಿಂದ ಕಳುಹಿಸಿದರೆ ಅದು ತಗಲುವುದಿಲ್ಲ. ಮುಂದಿನ ಸಲ ವಾಷಿಂಗ್ಟನ್‌ನಲ್ಲಿ ಬಾಗಿಲು ಹಾಕಿದಾಗ ಹಾಸನದಲ್ಲಿ ಅದು ಗೊತ್ತಾಗದಿರಲಿ.